ಸ್ವರ ಉಂಟು, ಮುಖ ಇಲ್ಲ

ಮಣ್ಣಗುಡ್ಡ, ಮಂಗಳೂರು
16 ನವೆಂಬರ್ 2025, ಭಾನುವಾರ ಸಂಜೆ

ನನ್ನ ಅಮೃತ್,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನಿಮಗೆ ಬೈಯಬೇಕು. ಇಷ್ಟು ವರ್ಷ ಹಡಗುಗಳಲ್ಲಿ ಎಲೆಕ್ಟ್ರಿಷಿಯನ್ ಆಗಿ ದುಡಿದ ಮನುಷ್ಯ ತನ್ನ ಸ್ವಂತ ಮನೆಯ ಹೋಮ್ ಥಿಯೇಟರಿನ ಕೇಬಲ್ಲನ್ನು ಗೋಡೆಯೊಳಗಿಟ್ಟು, ಸಿಮೆಂಟು ಮೆತ್ತಿ, ಪೇಂಟು ಹೊಡೆದು ಮುಚ್ಚುತ್ತಾನೆಯೇ? ಆಂಪ್ಲಿಫೈಯರ್ ಎದುರಿಗೆ, ಪರದೆಯ ಕೆಳಗೆ. ಪ್ರೊಜೆಕ್ಟರ್ ಹಿಂದೆ, ಸೀಲಿಂಗಿಗೆ ನೇತುಹಾಕಿ. ಎರಡನ್ನೂ ಜೋಡಿಸುವ ಒಂದೇ ಒಂದು ಕೇಬಲ್ ಗೋಡೆಯ ಹೊಟ್ಟೆಯಲ್ಲಿ. ಅದು ಕೆಟ್ಟರೆ ಹೊರಗೆಳೆಯಲು ಒಂದು ದಾರಿ ಬೇಡವೇ? ಆ ಕೋಣೆಯ ಒಂದೊಂದು ತಂತಿಯ ಗುಟ್ಟೂ ಗೊತ್ತಿರುವವರು ನೀವೊಬ್ಬರೇ. ಕೇಳೋಣವೆಂದರೆ ನೀವಿರುವುದು ಯಜಮಾನ ಕೈಬಿಟ್ಟ ಹಡಗಿನಲ್ಲಿ, ಕೊಲ್ಲಿಯ ಬಂದರಿನ ಹೊರಗೆ ಲಂಗರು ಹಾಕಿಕೊಂಡು, ಫೋನು ಚಾರ್ಜು ಮಾಡಲೂ ಕರೆಂಟಿಲ್ಲದೆ. ಈ ವಾರವಿಡೀ ನಾನು ಆ ಗೋಡೆಯ ಎದುರು ನಿಂತು ನಿಮಗೆ ಶಾಪ ಹಾಕಿದ್ದೇನೆ, ಅಮೃತ್.

ಇವತ್ತಿನ ಕರೆಯ ಬಗ್ಗೆ ಒಂದು ವಿಷಯ ಹೇಳಲಿಕ್ಕಿದೆ. ಅದನ್ನು ಹೇಳಬೇಕಾದರೆ ಹಿಂದಿನದ್ದನ್ನೂ ಹೇಳಬೇಕು. ಇಲ್ಲಿ ನಡೆದದ್ದು ನಿಮಗೇನೂ ಗೊತ್ತಿಲ್ಲ.

ನಿಮ್ಮ ಫೋನು ನಿಂತುಹೋದ ಮೇಲೆ ನಿಮ್ಮ ಅಮ್ಮನಿಗೆ ನಿದ್ದೆ ಬಾರದಾಯಿತು. ಊಟ ಅರ್ಧವಾಯಿತು. ಶುಗರ್ ಏರಿತು. ಅತ್ತಾವರದ ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಊರಿನವರ ರಕ್ತ ಪರೀಕ್ಷೆ ಮಾಡುವ ನಾನು ಮನೆಗೆ ಬಂದು ಅಮ್ಮನ ಬೆರಳಿನ ರಕ್ತ ನೋಡಿ ಹೆದರುತ್ತಿದ್ದೆ. ಕೊನೆಗೆ ನಾನೂ ನಿಮ್ಮ ತಮ್ಮ ರಿತೇಶನೂ ಸೇರಿ ಒಂದು ಉಪಾಯ ಮಾಡಿದೆವು. ನಿಮ್ಮಿಬ್ಬರ ಸ್ವರ ಒಂದೇ ಅಲ್ಲವೇ? ಮದುವೆಯಾದ ಹೊಸತರಲ್ಲಿ ಫೋನಿನಲ್ಲಿ ನಾನೇ ಎಷ್ಟು ಸಲ ಮೋಸ ಹೋಗಿಲ್ಲ! ರಿತೇಶ ಟೆರೇಸಿಗೆ ಹತ್ತಿ, ಯಾರದೋ ನಂಬರಿನಿಂದ ಅಮ್ಮನಿಗೆ ಫೋನು ಮಾಡಿ ನೀವಾದ. ನೆಟ್‌ವರ್ಕ್ ಇಲ್ಲ ಅಮ್ಮಾ, ಚೆನ್ನಾಗಿದ್ದೇನೆ, ಮಾತ್ರೆ ತೆಗೆದುಕೊಳ್ಳಿ ಎಂದ. ಅಮ್ಮ ಅವತ್ತು ತಟ್ಟೆ ತುಂಬ ಉಂಡರು. ನಮಗೆ ರುಚಿ ಹತ್ತಿತು. ವಾರಕ್ಕೊಮ್ಮೆ ಹೀಗೇ ನಡೆಯತೊಡಗಿತು.

ಒಂದು ದಿನ ರಿತೇಶ ನೀವಾಗಿ ಮಾತಾಡುತ್ತಿರುವಾಗ ನಮ್ಮ ಗೇಟಿನ ಎದುರು ಮೀನಿನವನ ಸ್ಕೂಟರ್ ಬಂದು ಪೋಂ ಪೋಂ ಎಂದು ಹಾರ್ನ್ ಹೊಡೆಯಿತು. ಕಿಟಕಿಯಿಂದಲೂ ಕೇಳಿತು, ಫೋನಿನಿಂದಲೂ ಕೇಳಿತು. ಬುಟ್ಟಿ ಹೊತ್ತು ಮೀನು ಮಾರಿ ನಿಮ್ಮಿಬ್ಬರನ್ನು ಸಾಕಿದ ಹೆಂಗಸು ಅವರು, ಆ ಹಾರ್ನಿನ ವಿಷಯದಲ್ಲಿ ಅವರಿಗೆ ತಪ್ಪುವುದುಂಟೇ? ಅಮ್ಮ ಸಿಟ್ಟು ಮಾಡಲಿಲ್ಲ. "ರಿತೇಶಾ, ಕೆಳಗೆ ಇಳಿ. ಮೀನಿನವ ಬಂದಿದ್ದಾನೆ, ಒಳ್ಳೆ ಬಂಗುಡೆ ಉಂಟಾ ನೋಡು," ಎಂದು ಫೋನಿಗೇ ಹೇಳಿ ಇಟ್ಟರು. ಆ ಮೇಲೆ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು.

ಅವರು ಏನು ತಿಳಿದುಕೊಂಡರೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಅಪ್ಪನ ದೋಣಿ ಮಗುಚಿದಾಗಲೂ ದೋಣಿ ಕಟ್ಟುವ ಧಕ್ಕೆಯ ಗಂಡಸರೆಲ್ಲ ಸೇರಿ, ದೋಣಿ ಮಲ್ಪೆಯಲ್ಲಿ ನಿಂತಿದೆ, ಇಂಜಿನ್ ರಿಪೇರಿ ಎಂದಿದ್ದರಂತೆ. ಕಡಲಿಗೆ ಹೋದವನ ದೇಹ ದಡ ಸೇರುವ ತನಕ ಮನೆಯ ಹೆಂಗಸರಿಗೆ ಸುದ್ದಿ ಮುಟ್ಟಿಸದಿರುವುದು ನಮ್ಮ ಗಂಡಸರು ದಯೆಯೆಂದುಕೊಂಡು ನಡೆಸಿಕೊಂಡು ಬಂದ ಕ್ರಮ. ಅಮ್ಮ ಆ ದಿನಗಳಲ್ಲಿ ಅಪ್ಪನಿಗೆಂದು ಸಾರು ಮಾಡಿ ಮುಚ್ಚಿಡುತ್ತಿದ್ದರಂತೆ. ಈಗ ಮಗನ ಹೆಸರಿನಲ್ಲಿ ಬೇರೆ ಯಾರೋ ಮಾತಾಡುತ್ತಾರೆಂದರೆ ಅವರಿಗೆ ಅರ್ಥ ಒಂದೇ.

ಹಡಗಿನವರ ಕಷ್ಟಕ್ಕೆ ನೆರವಾಗುವ ನಾವಿಕರ ಮಿಷನ್ನಿನ ಇಲ್ಲಿಯ ರೊಸಾಲಿನ್ ಬಾಯಿ ದೇವರು ಕಳಿಸಿದ ಹಾಗೆ ಬಂದದ್ದು ಆಗ. ಭಾನುವಾರ ಮಿಷನ್ನಿನ ಲಾಂಚು ನಿಮ್ಮ ಹಡಗಿಗೆ ಹೋಗುತ್ತದೆ, ಅವರದ್ದೇ ಟ್ಯಾಬಿನಲ್ಲಿ ಒಬ್ಬೊಬ್ಬರಿಗೂ ಹತ್ತು ನಿಮಿಷ ವಿಡಿಯೋ ಕರೆ ಎಂದರು. ನಾನು ಕುಣಿದಾಡಿದೆ. ಅಮ್ಮ ಮಾತ್ರ ನನ್ನ ಫೋನನ್ನು ಹಿಡಿದು ತಿರುಗಿಸಿ, ಇಷ್ಟು ಚಿಕ್ಕದರಲ್ಲಿ ನನ್ನ ಕಣ್ಣಿಗೆ ಮಂಜು ಬಿಟ್ಟರೆ ಬೇರೇನೂ ಕಾಣುವುದಿಲ್ಲ, ರಿತೇಶನನ್ನೇ ಕೂರಿಸಿದರೂ ನನಗೆ ತಿಳಿಯುವುದಿಲ್ಲ ಎಂದರು. ಸರಿ, ಮಹಡಿಯಲ್ಲಿ ನಿಮ್ಮ ಥಿಯೇಟರ್ ಇದೆಯಲ್ಲ, ಗೋಡೆಯಷ್ಟು ದೊಡ್ಡದಾಗಿ ತೋರಿಸುತ್ತೇವೆ ಎಂದೆ. ಹಾಗೆ ಶುರುವಾಯಿತು ನನ್ನ ಗ್ರಹಚಾರ.

ಗುರುವಾರ ಪರೀಕ್ಷೆಗೆಂದು ಲ್ಯಾಪ್‌ಟಾಪನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ಕೈಗೆ ಸಿಕ್ಕಿದ್ದು ಮಗಳ ಹುಟ್ಟುಹಬ್ಬದ ಹಳೆಯ ವಿಡಿಯೋ, ಅದನ್ನೇ ಹಾಕಿದೆ. ಪರದೆಯ ಮೇಲೆ ಬಿಳಿ ಚುಕ್ಕೆಗಳು ಮಿಣಮಿಣ ಕುಣಿದವು, ಆಮೇಲೆ ಕಪ್ಪು. 'ಸಿಗ್ನಲ್ ಇಲ್ಲ' ಎಂಬ ಬರಹ. ಸ್ವರ ಮಾತ್ರ ನಿಮ್ಮ ಐದೂ ಸ್ಪೀಕರುಗಳಿಂದ ಸ್ವಚ್ಛ. ಕೇಕ್ ಕತ್ತರಿಸು ಮೋಕ್ಷಾ ಎಂದು ನೀವು ನಗುವುದು ಮನೆಯಿಡೀ ಕೇಳಿತು. ತಿರುಗಿ ನೋಡಿದರೆ ಅಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದಾರೆ, ಚೌಕಟ್ಟು ಹಿಡಿದುಕೊಂಡು. ಕಪ್ಪು ಪರದೆಯನ್ನು ನೋಡಿದರು. "ಸ್ವರ ಉಂಟು, ಮುಖ ಇಲ್ಲ. ಇದು ಎಂತ ಸುಪ್ರೀತಾ, ಭಾನುವಾರದ ನಾಟಕಕ್ಕೆ ತಯಾರಿಯಾ?" ಎಂದರು. ನಾನು ಏನು ಹೇಳಿದರೂ ಅವರಿಗೆ ಬೇಡವಾಗಿತ್ತು. ಭಾನುವಾರ ಆ ಗೋಡೆಯಲ್ಲಿ ಮಗನ ಮುಖ ಕಾಣದಿದ್ದರೆ ಸೋಮವಾರ ಬೊಜ್ಜಕ್ಕೆ ದಿನ ನೋಡಬೇಕು ಎಂದರು. ಬದುಕಿರುವ ನಿಮ್ಮ ಉತ್ತರಕ್ರಿಯೆಗೆ, ಅಮೃತ್! ಅಲ್ಲಿಯ ತನಕ ಇನ್ಸುಲಿನ್ ಸೂಜಿ ಮುಟ್ಟಿಸಿಕೊಳ್ಳುವುದಿಲ್ಲ, ಗಂಜಿ ತಿಳಿ ಬಿಟ್ಟು ಬೇರೆ ಏನೂ ಬೇಡ ಎಂದು ಕೆಳಗಿಳಿದು ಹೋದರು.

ಇನ್ಸುಲಿನ್ ಬಿಟ್ಟರೆ ಏನಾಗುತ್ತದೆಂದು ನನಗೆ ಗೊತ್ತು. ಅಂಥವರನ್ನು ಸ್ಟ್ರೆಚರಿನಲ್ಲಿ ತರುವುದನ್ನು ನೋಡಿಯೇ ನನ್ನ ಸಂಬಳ ಆಗುವುದು.

ನಂತೂರಿನಲ್ಲಿ ಅಂಗಡಿ ಇಟ್ಟಿರುವ ನಿಮ್ಮ ಗೆಳೆಯ ಅರಾಫತ್‌ಗೆ ಫೋನು ಮಾಡಿದೆ. ಲಾರಿಗಳ ಹಾರ್ನಿನ ನಡುವೆ ಆತ ಕೂಗಿ ಹೇಳಿದ್ದು, ಪ್ರೊಜೆಕ್ಟರ್ ಹೋಗಿದೆ ಅಕ್ಕ, ಮಳೆಗಾಲದ ಥಂಡಿಗೆ ಎಲ್ಲರದ್ದೂ ಹೋಗ್ತದೆ, ಹೊಸತು ತರಿಸಿ ಕೊಡ್ತೇನೆ, ಬುಧವಾರ ಬರ್ತದೆ. ನನಗೆ ಬುಧವಾರದ್ದು ಯಾಕೆ? ಲ್ಯಾಬಿನಲ್ಲಿ ರಿಪೋರ್ಟು ವಿಚಿತ್ರವಾಗಿ ಬಂದರೆ ನಾವು ಒಂದೊಂದನ್ನೇ ಬದಲಿಸಿ ನೋಡುತ್ತೇವೆ, ಎರಡನ್ನು ಒಟ್ಟಿಗೆ ಮುಟ್ಟುವುದಿಲ್ಲ. ಹಾಗೆಯೇ ಮಾಡಿದೆ. ಲ್ಯಾಪ್‌ಟಾಪ್ ತೆಗೆದು ಕೇಬಲ್ ಟಿವಿಯ ಡಬ್ಬಿ ಸಿಕ್ಕಿಸಿದೆ. ಅದೇ ಚುಕ್ಕೆ, ಅದೇ ಕಪ್ಪು. ಹಾಗಾದರೆ ಲ್ಯಾಪ್‌ಟಾಪ್ ನಿರಪರಾಧಿ. ಕೆಳಗಿನ ಚಿಕ್ಕ ಟಿವಿಯನ್ನು ಹೊತ್ತು ತಂದು ಮೊಳದುದ್ದದ ಬೇರೆ ಕೇಬಲಿನಿಂದ ಆಂಪ್ಲಿಫೈಯರಿಗೆ ಜೋಡಿಸಿದೆ; ಚಿತ್ರ ಕನ್ನಡಿಯಂತೆ ಬಂತು. ಆಂಪ್ಲಿಫೈಯರೂ ಪಾರು. ರಿತೇಶ ಮೇಜಿನ ಮೇಲೆ ಹತ್ತಿ, ಲ್ಯಾಪ್‌ಟಾಪನ್ನು ಎತ್ತಿ ಹಿಡಿದು, ಅದೇ ಗಿಡ್ಡ ಕೇಬಲಿನಿಂದ ನೇರವಾಗಿ ಪ್ರೊಜೆಕ್ಟರಿಗೇ ಕೊಟ್ಟ. ಪರದೆಯ ತುಂಬ ಮೋಕ್ಷಾ! ಪ್ರೊಜೆಕ್ಟರಿಗೆ ಏನೂ ಆಗಿರಲಿಲ್ಲ. ಉಳಿದದ್ದು ಒಂದೇ, ನಿಮ್ಮ ಸಿಮೆಂಟಿನೊಳಗಿನ ಮಹಾರಾಯ.

"ಗೋಡೆ ಒಡೆಯುವಾ ಅತ್ತಿಗೆ," ಎಂದ ರಿತೇಶ. ಒಡೆದು ಹೊಸ ಕೇಬಲ್ ಹಾಕುವಷ್ಟು ಸಮಯವೂ ಇರಲಿಲ್ಲ, ಅಷ್ಟು ಉದ್ದದ ಕೇಬಲ್ಲೂ ಊರಿನಲ್ಲಿ ಸಿಗಲಿಲ್ಲ. ತುದಿಯ ಪಿನ್ನುಗಳು ಉಪ್ಪುಗಾಳಿಗೆ ಹಸಿರು ಹಿಡಿದಿದ್ದವು. ಲ್ಯಾಬಿನ ಸ್ಪಿರಿಟ್ ತಂದು ಒರೆಸಿದೆ. ಲ್ಯಾಪ್‌ಟಾಪಿನಲ್ಲಿ ಚಿತ್ರದ ಗುಣಮಟ್ಟವನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತಾ ಬಂದೆ. ಕೊನೆಗೆ ಚುಕ್ಕೆಗಳು ನಿಂತವು. ಶನಿವಾರ ಸಂಜೆಯಿಡೀ ನಾನೂ ರಿತೇಶನೂ ಆ ಕೋಣೆಯಲ್ಲಿ ಕೂತು ಚಿತ್ರ ಮಿಟುಕುತ್ತದೆಯೋ ಎಂದು ಕಾದು ನೋಡಿದೆವು. ಒಂದು ಸಲವೂ ಹೋಗಲಿಲ್ಲ. ನಾನು ಕದ್ರಿ ದೇವರಿಗೆ ಹೂವಿನ ಪೂಜೆ ಹೇಳಿಕೊಂಡು ಮಲಗಿದೆ.

ಇವತ್ತು ಕರೆಗೆ ಮೊದಲೇ ಕೋಣೆ ತುಂಬಿತು. ಬೊಕ್ಕಪಟ್ಣದಿಂದ ಚಿಕ್ಕಮ್ಮಂದಿರು ಬಂದರು. ಕರೆದವರಾರು ಎಂದು ಕೇಳಬೇಡಿ, ಅಮ್ಮನೇ ಕರೆಸಿದ್ದು. ಮುಖ ಕಾಣದಿದ್ದರೆ ಸಾಕ್ಷಿಗೆ ಜನ ಬೇಕಲ್ಲ. ಅಮ್ಮ ಎದುರಿನ ಕುರ್ಚಿಯಲ್ಲಿ ಸೆರಗು ಹೊದ್ದು ಕೂತರು. ತುಟಿ ಒಣಗಿತ್ತು, ಕುತ್ತಿಗೆಯಲ್ಲಿ ಬೆವರು. ಸೆಕೆಗೆ ತಲೆ ತಿರುಗೀತೆಂದು ನಾನೇ ಎದ್ದು ಫ್ಯಾನು ಹಾಕಿದೆ. ಅದೇ ಹೊತ್ತಿಗೆ ನಿಮ್ಮ ಕರೆ ಬಂತು.

"ಅಮ್ಮಾ," ಎಂದಿರಿ. ಐದೂ ಸ್ಪೀಕರುಗಳಿಂದ ಬಂತು. ಗೋಡೆ ಕಪ್ಪು.

ನೀವು ಮತ್ತೆ ಕರೆದಿರಿ, ಕಾಣ್ತದಾ ಅಮ್ಮಾ ಎಂದು ಕೇಳಿದಿರಿ. ಚಿಕ್ಕಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಅಮ್ಮ ಕುರ್ಚಿಯ ಕೈ ಒತ್ತಿ ಎದ್ದು ನಿಂತರು. "ಸಾಕು ರಿತೇಶಾ, ಆ ಹಳೆ ರೆಕಾರ್ಡು ನಿಲ್ಲಿಸು. ನಾಳೆ ಹೋಗಿ ದಿನ ಕೇಳಿಕೊಂಡು ಬಾ," ಎಂದು ಬಾಗಿಲ ಕಡೆ ಹೊರಟರು. ಮೋಕ್ಷಾ ಅವರ ಸೆರಗು ಹಿಡಿದು ಅಳಲು ಶುರು ಮಾಡಿದಳು.

ನಾನು ಲ್ಯಾಪ್‌ಟಾಪಿನಿಂದ ಕೇಬಲ್ ಕಿತ್ತೆ. ನಿಮ್ಮ ಮಾತು ಅರ್ಧದಲ್ಲೇ ತುಂಡಾಯಿತು. ಲ್ಯಾಪ್‌ಟಾಪಿನ ಸ್ವಂತ ಸ್ಪೀಕರ್ ಸತ್ತು ಎಷ್ಟೋ ಕಾಲವಾಯಿತಲ್ಲ. ಮೇಜು ಎಳೆದೆವು. ರಿತೇಶ ಹತ್ತಿ ಲ್ಯಾಪ್‌ಟಾಪನ್ನು ಮೀನಿನ ಬುಟ್ಟಿಯ ಹಾಗೆ ತಲೆಯ ಮೇಲೆ ಹೊತ್ತ. ಗಿಡ್ಡ ಕೇಬಲನ್ನು ಪ್ರೊಜೆಕ್ಟರಿಗೆ ಕೊಟ್ಟೆ. ಅದರ ತುದಿ ಸಡಿಲ, ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ನಿಲ್ಲುತ್ತಿತ್ತು. ಹಾಗಾಗಿ ನಾನೂ ಪಕ್ಕದ ಕುರ್ಚಿಯ ಮೇಲೆ ನಿಂತೆ. ಒತ್ತಿ ಹಿಡಿದೆ. ನೀವು ಬಂದಿರಿ.

ಗೋಡೆಯಷ್ಟು ದೊಡ್ಡ ನೀವು. ಗಡ್ಡ, ಕರಿ ಕಟ್ಟಿದ ಕಣ್ಣು, ಕೆನ್ನೆಯ ಮೂಳೆ. ನನಗೆ ಅಳು ಬಂತು, ಆದರೆ ಹೆಬ್ಬೆರಳು ಸಡಿಲಿಸಲಿಲ್ಲ. ಅಮ್ಮ ಬಾಗಿಲಿನಿಂದ ತಿರುಗಿ ಬಂದರು. ಪರದೆಯ ಹತ್ತಿರ, ಇನ್ನೂ ಹತ್ತಿರ ಹೋದರು. ನಿಮ್ಮ ಕೆನ್ನೆಗೆ ಕೈ ಇಟ್ಟರು, ಅವರ ಕೈಯ ನೆರಳು ನಿಮ್ಮ ಮುಖದ ಮೇಲೆ ಬಿತ್ತು. "ಎಂತ ಮಗ ಇದು, ಇಷ್ಟು ಒಣಗಿದ್ದಿ," ಎಂದರು. ಆಮೇಲೆ ಅವರು ಮಾತಾಡುತ್ತಲೇ ಹೋದರು. ಅದೆಲ್ಲ ನಿಮಗೆ ಕೇಳಿಸಿರಬೇಕು, ನಮ್ಮ ಕಡೆಯ ಮೈಕು ಸರಿ ಇತ್ತು.

ಈಗ ಆ ವಿಷಯ. ನಮಗೆ ನಿಮ್ಮದು ಒಂದಕ್ಷರವೂ ಕೇಳಿಸಲಿಲ್ಲ. ಪ್ರೊಜೆಕ್ಟರಿಗೆ ಸ್ಪೀಕರ್ ಇಲ್ಲವೆಂದು ನಿಮಗೇ ಗೊತ್ತು. ರಿತೇಶ ಮೇಲಿನಿಂದ, ಸ್ವರ ಬೇಕಾದರೆ ಪುನಃ ಆಂಪ್ಲಿಫೈಯರಿಗೆ ಹಾಕಬೇಕು ಅತ್ತಿಗೆ, ಎಂತ ಮಾಡುವುದು ಎಂದು ಪಿಸುಗುಟ್ಟಿದ. ಅಮ್ಮ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: "ಯಾರೂ ಎಂತದೂ ಮುಟ್ಟಬೇಡಿ. ನನಗೆ ಸ್ವರ ಬೇಡ. ಸ್ವರ ಬೇಕಾದಷ್ಟು ಕೇಳಿದ್ದೇನೆ."

ನಾನು ನಿಮಗೆ ಕೂಗಿ ಹೇಳಬಹುದಿತ್ತು, ಕೇಳಿಸುವುದಿಲ್ಲ ಎಂದು. ಹೇಳಲಿಲ್ಲ. ಹೇಳಿದ್ದರೆ ನೀವು ಆ ಕಡೆ ಟ್ಯಾಬನ್ನು ಕೆದಕಲು ಶುರು ಮಾಡುತ್ತಿದ್ದಿರಿ. ಕೈಗೆ ಸಿಕ್ಕ ಯಂತ್ರವನ್ನು ಸುಮ್ಮನೆ ಬಿಡುವ ಜಾತಿಯೇ ನಿಮ್ಮದು? ಆ ಮುಖ ಇನ್ನೊಮ್ಮೆ ಹೋಗಿದ್ದರೆ ಅಮ್ಮ ಕೂಡ ಹೋಗುತ್ತಿದ್ದರು. ಅದಕ್ಕೆ ಬಾಯಿ ಮುಚ್ಚಿಕೊಂಡು ಕ್ಯಾಮೆರಾಕ್ಕೆ ನಗುತ್ತಾ ನಿಂತೆ. ಕ್ಯಾಮೆರಾಕ್ಕೆ ಎಲ್ಲರಿಗಿಂತ ಹತ್ತಿರ ಇದ್ದದ್ದು ನನ್ನ ಮುಖ. ಉಳಿದವರದ್ದೆಲ್ಲ ನಿಮಗೆ ಬೆನ್ನು ಕಂಡಿರಬೇಕು.

ಕೊನೆಕೊನೆಗೆ ನೀವು ನನ್ನನ್ನೇ ನೋಡಿ ಏನೋ ಕೇಳಿದಿರಿ. ಉದ್ದದ ಮಾತು. ನಡುವೆ ಹಿಂದೆ ತಿರುಗಿ ಯಾರನ್ನೋ ತೋರಿಸಿದಿರಿ. ಮುಗಿಸಿ ಕಾದಿರಿ. ನಾನು ಹೂಂ ಎಂದು ತಲೆಯಾಡಿಸಿದೆ. ನೀವು ಮತ್ತೊಮ್ಮೆ ಕೇಳಿದಿರಿ. ಮತ್ತೊಮ್ಮೆ ಆಡಿಸಿದೆ. ಅಷ್ಟರಲ್ಲಿ ಸಮಯ ಮುಗಿದು ಪರದೆ ನೀಲಿಯಾಯಿತು.

ಅಮ್ಮ ಕುರ್ಚಿಯಲ್ಲಿ ಕೂತರು. ತಾವೇ ತೋಳು ಚಾಚಿ, "ಸೂಜಿ ತಾ," ಎಂದರು. ಇನ್ಸುಲಿನ್ ಕೊಟ್ಟೆ, ಅನ್ನ ಕೊಟ್ಟೆ. ಚಿಕ್ಕಮ್ಮಂದಿರು ಕಣ್ಣೊರೆಸಿಕೊಂಡು ಚಹಾ ಕುಡಿದು ಹೋದರು. ಈಗ ಬರೆಯುವ ಮೊದಲು ನೋಡಿದೆ, ಶುಗರ್ ಇಳಿಯುತ್ತಿದೆ. ಬೊಜ್ಜದ ಮಾತು ಮುಗಿಯಿತು.

ಆದರೆ ಉಣ್ಣುತ್ತಾ ಅಮ್ಮ ನನ್ನನ್ನು ಒಂದು ಮಾತು ಕೇಳಿದರು. "ಅವ ಕೊನೆಗೆ ಎಂತದೋ ಕೇಳಿ ಕಾದ. ಯಾರೋ ಉತ್ತರ ಕೊಟ್ಟರು. ಆಮೇಲೆ ಅವನ ಮುಖ ಇಳಿದು ಹೋಯಿತು. ಎಂತ ಕೇಳಿದ?" ಮಂಜುಗಣ್ಣಿಗೆ ಅಷ್ಟು ಕಂಡಿದೆ ನೋಡಿ. ಮೋಕ್ಷಾ ಶಾಲೆಗೆ ಸರಿಯಾಗಿ ಹೋಗುತ್ತಾಳಾ ಎಂದು ಕೇಳಿರಬೇಕು ಎಂದೆ. ಅಮ್ಮ ಅನ್ನ ಕಲಸಿದರು.

ಎಲ್ಲರೂ ಹೋದ ಮೇಲೆ ನನಗೆ ತಡೆಯಲಿಲ್ಲ. ಮೇಲೆ ಹೋಗಿ ನಿಮ್ಮ ಗೋಡೆ ಕೇಬಲ್ಲನ್ನು ಮತ್ತೆ ಸಿಕ್ಕಿಸಿದೆ. ಚಿತ್ರ ಗಟ್ಟಿಯಾಗಿ ಬಂತು! ಸೆಕೆಯಾಗಿ ಫ್ಯಾನು ಹಾಕಿದೆ, ಹೋಯಿತು. ಆಫ್ ಮಾಡಿದೆ, ಬಂತು. ಮತ್ತೆ ಹಾಕಿದೆ, ಹೋಯಿತು. ಫ್ಯಾನಿನ ವಯರನ್ನೂ ಈ ಕೇಬಲ್ಲನ್ನೂ ಒಂದೇ ಪೈಪಿನಲ್ಲಿ ಎಳೆದಿದ್ದೀರಿ ಅಲ್ಲವೇ, ಎಲೆಕ್ಟ್ರಿಷಿಯನ್ ಸಾಹೇಬರೇ? ಶನಿವಾರ ನಾವು ಫ್ಯಾನು ಹಾಕಿರಲೇ ಇಲ್ಲ. ಇವತ್ತು ಆ ಒಂದು ಸ್ವಿಚ್ಚು ಆರಿಸಿದ್ದರೆ ಮುಖವೂ ಇರುತ್ತಿತ್ತು, ಸ್ವರವೂ ಇರುತ್ತಿತ್ತು. ನಾನು ಆ ಮೇಜಿನ ಮೇಲೆ ಕೂತು ಬಹಳ ಹೊತ್ತು ಅತ್ತೆ.

ನೀವು ಏನು ಕೇಳಿದಿರಿ, ಅಮೃತ್? ಟೆರೇಸು ಸೋರುತ್ತದಾ ಎಂದೇ? ತಮ್ಮನಿಗೆ ಹುಡುಗಿ ನೋಡಿದಿರಾ ಎಂದೇ? ಅಂಥದ್ದೇ ಆಗಿರಲಿ. ಈ ಪತ್ರ ಮುಂದಿನ ಪಾರ್ಸೆಲಿನ ಜೊತೆ ಬರುತ್ತದೆ. ಉಪ್ಪಿನಕಾಯಿ, ಚಟ್ನಿಪುಡಿ, ಎರಡು ಬನಿಯನ್ ಇಟ್ಟಿದ್ದೇನೆ. ಗಡ್ಡ ತೆಗೆಯಿರಿ. ಉತ್ತರ ಬರೆದು ಲಾಂಚಿನವರ ಕೈಯಲ್ಲಿ ಕೊಡಿ. ನೀವು ಕೇಳಿದ್ದು ಏನೆಂದು ತಿಳಿಯುವ ತನಕ ನನಗೆ ಸಮಾಧಾನ ಇಲ್ಲ.

ನಿಮ್ಮನ್ನು ಬೈಯುತ್ತಾ ಕಾಯುತ್ತಿರುವ,
ನಿಮ್ಮ ಸುಪ್ರೀತಾ

ಮರೆತ ಮಾತು. ಮಂಗಳವಾರ.

ಪತ್ರ ಅಂಟಿಸಿ ಇಟ್ಟಿದ್ದೆ, ಈಗ ಹರಿದು ತೆರೆದಿದ್ದೇನೆ. ರೊಸಾಲಿನ್ ಬಾಯಿ ಬಂದಿದ್ದರು. ನನ್ನ ಕೈ ಹಿಡಿದುಕೊಂಡು, ನಿಮ್ಮದು ದೊಡ್ಡ ಮನಸ್ಸು ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಹೇಳಿದರು. ಶುಕ್ರವಾರ ಬರುವ ಲಾಂಚು ಹಡಗಿನ ಎಲ್ಲರನ್ನೂ ಇಳಿಸಿ ಊರಿಗೆ ಕಳಿಸುತ್ತದಂತೆ, ಒಬ್ಬರನ್ನು ಬಿಟ್ಟು. ಅವರು ಕೊಡುವ ಡೀಸೆಲಿನಿಂದ ಜನರೇಟರ್ ಓಡಿಸಿ, ಲಂಗರು ಹಾಕಿದ ಹಡಗಿನ ದೀಪ ಉರಿಸಿಕೊಂಡು ಕಾವಲಿಗೆ ಒಬ್ಬರು ಉಳಿಯಲೇಬೇಕು ಎಂದು ಬಂದರಿನವರ ಆದೇಶವಂತೆ, 'ಮುಂದಿನ ಏರ್ಪಾಡಿನ ತನಕ'. ಜನರೇಟರ್ ತಿಳಿದವರು ಇಬ್ಬರೇ, ನೀವು ಮತ್ತು ಇಂಜಿನ್ ಕೋಣೆಯ ಮೋಟಾರ್‌ಮನ್, ಉಳ್ಳಾಲದ ಪ್ರೇಮ್. ಪ್ರೇಮ್ ಹುಟ್ಟಿದ ಮಗುವಿನ ಮುಖ ಇನ್ನೂ ನೋಡಿಲ್ಲ. ಅವನ ಬದಲು ನಾನು ಉಳಿಯಲೇ ಎಂದು ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದು ನೀವು ಹೇಳಿದ್ದಿರಂತೆ. ಕೇಳಿದಿರಂತೆ. ಎರಡು ಸಲ ಕೇಳಿದರೂ ಸುಪ್ರೀತಾ ನಗುತ್ತಾ ಒಪ್ಪಿದಳು ಎಂದಿರಂತೆ.

ನಾನು ಒಪ್ಪಲಿಲ್ಲ, ಅಮೃತ್. ನನಗೆ ಕೇಳಿಸಲೇ ಇಲ್ಲ. ಪ್ರೇಮ್‌ನ ಮಗು ಗೊತ್ತಿದ್ದೂ ಬರೆಯುತ್ತಿದ್ದೇನೆ, ನನ್ನನ್ನು ಏನು ಬೇಕಾದರೂ ಅನ್ನಿ, ನೀವು ಇಳಿದು ಬನ್ನಿ. ರೊಸಾಲಿನ್ ಬಾಯಿ ಎದುರಿಗೇ ಕೂತಿದ್ದಾರೆ. ಈ ಹಾಳೆಗಳ ಫೋಟೋ ತೆಗೆದು ಇವತ್ತೇ ಅಲ್ಲಿಯ ಮಿಷನ್ನಿಗೆ ಕಳಿಸುತ್ತಾರೆ. ಶುಕ್ರವಾರ ಆ ಲಾಂಚಿನಲ್ಲೇ ಇದು ನಿಮ್ಮ ಕೈ ಸೇರುತ್ತದೆ. ಇಳಿಯುವವರ ಹೆಸರು ಕರೆಯುವ ಮೊದಲು ಓದಿ.

ಈ ಸಲ ಅಮ್ಮನಿಂದ ಏನೂ ಮುಚ್ಚಿಡಲಿಲ್ಲ, ಎಲ್ಲವನ್ನೂ ಹೇಳಿದೆ. ಅಮ್ಮ ಪೆನ್ನನ್ನು ನನ್ನ ಕೈಗೆ ಕೊಟ್ಟರು. ಆಮೇಲೆ, "ನಾನು ತಲೆ ಆಡಿಸ್ಲಿಲ್ಲ ಅಂತ ಬರೆ," ಎಂದರು.